ದೀಪ ಕಾಣಲಿಲ್ಲ

ಜನವರಿ 4, ಮಂಗಳವಾರ. ಸಂಜೆ

ಮೈನಸ್ ಹದಿನಾರು. ಬಂಡಿ ಬೆಚ್ಚಗಾಗೋಕೆ ನಲವತ್ತು ನಿಮಿಷ ಹಿಡಿಯಿತು. ಬಾಗಿಲ ಮೆಟ್ಟಿಲಿಗೆ ಮಂಜುಗಡ್ಡೆ ಕಚ್ಚಿಕೊಂಡಿತ್ತು, ಸುತ್ತಿಗೆಯಲ್ಲಿ ಕುಟ್ಟಿ ಬಿಡಿಸಿದೆ. ಹೊರಟಿದ್ದು ಮಾತ್ರ ಟೈಮಿಗೆ ಸರಿಯಾಗಿ. ಎರಡು ಬೋಗಿ, ಇಪ್ಪತ್ತೆರಡು ಜನ. ಅರ್ಧಕ್ಕರ್ಧ ಗಡಿಯಾಚೆಯಿಂದ ಅಗ್ಗದ ಮಾಂಸ, ತಂಬಾಕು ತರೋಕೆ ಹೊರಟವರು.

ಮಂಗಳವಾರ ಅಂದರೆ ನಮಗೆ ಬನ್ನಿನ ದಿನ. ಸ್ವೀಡನ್ನಿನ ಕಡೆಯ ಗಡಿ ಸ್ಟೇಷನ್ನಿನಲ್ಲಿ ಒಂದು ಗೂಡಂಗಡಿ ಇದೆ. ಹೊಸ ವರ್ಷ ಕಳೆದ ಕೂಡಲೇ ಅಲ್ಲಿ ಸೆಮ್ಲಾ ಶುರು — ಒಳಗೆ ಬಾದಾಮಿ ಹೂರಣ, ಮೇಲೆ ಕೈತುಂಬ ಕೆನೆ. ನಮ್ಮ ನಾರ್ವೆಯಲ್ಲಿ ಕೆನೆ ಬನ್ ಬೇಕಾದರೆ ಉಪವಾಸ ಕಾಲದ ಹಿಂದಿನ ಭಾನುವಾರದ ತನಕ ಬಾಯಿ ಕಟ್ಟಿಕೊಂಡಿರಬೇಕು. ಅಂಗಡಿಯವಳು ಮೂರೂವರೆಗೆ ಬಾಗಿಲು ಹಾಕುತ್ತಾಳೆ. ನಾವು ತಲುಪೋದು ಮೂರು ಇಪ್ಪತ್ನಾಲ್ಕಕ್ಕೆ. ಆರೇ ನಿಮಿಷ. ಅದಕ್ಕೇ ನಾವು ಡ್ರೈವರುಗಳೆಲ್ಲ 'ಟೈಪಿಂಗ್ ಬಯಲ'ಲ್ಲಿ ಕೆಲಸ ಮುಗಿಸಿಕೊಳ್ಳೋದು.

ಗಡಿ ದಾಟಿದರೆ ರೈಲಿನ ನಂಬರ್ ಬೇರೆ, ರೇಡಿಯೋ ಬೇರೆ, ಮಾತಾಡಬೇಕಾದ ಕಂಟ್ರೋಲ್ ರೂಮೂ ಬೇರೆ. ರೂಲ್ ಪ್ರಕಾರ ಹೊಸ ನಂಬರ್ ಒತ್ತೋದು ಗಡಿಯಲ್ಲಿ ಬಂಡಿ ನಿಂತ ಮೇಲೆ. ಯಾರು ಮಾಡ್ತಾರೆ? ಸುರಂಗ ಮುಗಿದ ಮೇಲೆ ಮೂರು ಕಿಲೋಮೀಟರ್ ನೇರ ದಾರಿ. ಅಲ್ಲೇ ತಲೆ ಬಗ್ಗಿಸಿ ಒತ್ತಿಬಿಡೋದು. ಡಿಪೋದಲ್ಲಿ ಆ ಜಾಗಕ್ಕೆ ಹೆಸರೇ ಟೈಪಿಂಗ್ ಬಯಲು.

ಮಧ್ಯೆ ಹೌಗ್ಲಿ ಸಿಗುತ್ತದೆ. ದೀಪ ಹತ್ತಿದ್ದರೆ ಮಾತ್ರ ನಿಲ್ಲೋ ಪುಟ್ಟ ಸ್ಟಾಪು. ಪ್ಲಾಟ್‌ಫಾರ್ಮಿನ ಗೂಡಿನಲ್ಲಿ ಗುಂಡಿ ಒತ್ತಿದರೆ ಆರುನೂರು ಮೀಟರ್ ಮುಂಚೆ ಕಂಬದ ಮೇಲೆ ಹಳದಿ ದೀಪ ಹತ್ತುತ್ತದೆ. ಅದರ ಮುಖ ನಮ್ಮ ಕಡೆಗೆ, ಒತ್ತಿದವರಿಗೆ ಕಾಣಲ್ಲ. ಹಿಮ ಬಿದ್ದರೆ ಗಾಜು ಮುಚ್ಚಿಹೋಗುತ್ತದೆ, ಒರೆಸೋ ಕೆಲಸ ಓಸ್ಲೌಗ್ ಅನ್ನೋ ಹೆಂಗಸಿನದ್ದು. ಹಳೇ ಗೇಟ್‌ಮನ್ ಮನೆಯಲ್ಲಿ ಗಂಡನ ಜೊತೆ ಇದ್ದಾಳೆ. ಇಪ್ಪತ್ತೊಂದು ವರ್ಷದಿಂದ ಆ ದೀಪ ಅವಳ ಕೈಯಲ್ಲಿ. ಒರೆಸಿ ಆದ ಮೇಲೆ ಪೊರಕೆಯನ್ನು ಕಂಬದ ಪಕ್ಕ ಹಿಮದಲ್ಲಿ ನೆಟ್ಟು ಹೋಗುತ್ತಾಳೆ. ಯಾವ ರೂಲ್ ಪುಸ್ತಕದಲ್ಲೂ ಇಲ್ಲದ ಸಿಗ್ನಲ್ಲು. ಆದರೆ ಪೊರಕೆ ನಿಂತಿದ್ದರೆ ದೀಪ ಶುದ್ಧ ಅಂತ ನಮಗೆಲ್ಲ ಗೊತ್ತು.

ಇವತ್ತೂ ನಿಂತಿತ್ತು. ಸಣ್ಣಗೆ ಒಂದು ಹಾರ್ನ್ ಕೊಟ್ಟೆ. ಕಿಟಕಿಯಿಂದ ಕೈ ಆಡಿಸಿದಳು.

ಸೆಮ್ಲಾ ಚೆನ್ನಾಗಿತ್ತು. ಕಂಡಕ್ಟರ್ ಹೋಲ್ಗೆರ್ ಎರಡು ತಿಂದ. ಮೂಗಿಗೆಲ್ಲ ಕೆನೆ.

ಜನವರಿ 8, ಶನಿವಾರ

ಮೇಲಿನ ಕಣಿವೆಯಲ್ಲಿ ಹಿಮ ಜಾರಿ ಹಳಿ ಮೇಲೆ ಕೂತಿತ್ತು. ಒಂದು ಗಂಟೆ ನಿಂತೆವು. ಮೈಕಿನಲ್ಲಿ ಹೇಳಿದೆ — ದಯವಿಟ್ಟು ಎಲ್ಲರೂ 'ರೂಲಿ' ಆಗಿರಿ ಅಂತ. ನಮ್ಮಲ್ಲಿ ಹಾಗಂದರೆ ಸಮಾಧಾನ. ಸ್ವೀಡನ್ನಿನವರ ಕಿವಿಗೆ ಅದೇ ಪದ ಮಜಾ. ಹಿಂದಿನ ಬೋಗಿಯಿಂದ ಗೊಳ್ಳನೆ ನಗು. ಮೂವತ್ತೊಂದು ವರ್ಷ ಈ ಗಡಿ ದಾಟಿದ್ದೇನೆ, ಇನ್ನೂ ಅದೇ ತಪ್ಪು.

ಹೋಲ್ಗೆರ್ ಕ್ಯಾಬಿನ್ನಿಗೆ ಬಂದು ಬಾಗಿಲಿಗೆ ಒರಗಿ ನಿಂತ. ಅವನು ಸ್ವೀಡನ್ನಿನವನು, ನನ್ನನ್ನು ಕೆಣಕದಿದ್ದರೆ ಅವನಿಗೆ ಊಟ ಸೇರಲ್ಲ. "ಹಿಮದಲ್ಲಿ ಹೂತುಕೊಂಡಿದ್ದೀವಿ, ನೀನು ಮಜಾ ಮಾಡಿ ಅಂತೀಯಲ್ಲ ಮಾರಾಯ" ಅಂದ. ನಾನೂ ನಕ್ಕೆ. ಫ್ಲಾಸ್ಕಿನಲ್ಲಿದ್ದ ಕಾಫಿ ಇಬ್ಬರಿಗೂ ಆಯಿತು.

ಜನವರಿ 11, ಮಂಗಳವಾರ. ಸಂಜೆ 6

ಪಶ್ಚಿಮದ ಗಾಳಿ, ಒದ್ದೆ ಹಿಮ. ಹೌಗ್ಲಿಯಲ್ಲಿ ಒಬ್ಬರು ಉಳಿದುಹೋದರು. ದೀಪ ಕಾಣಲಿಲ್ಲ. ಪ್ಲಾಟ್‌ಫಾರ್ಮ್ ಹತ್ತಿರ ಬಂದ ಮೇಲೆ ಆಳು ಕಂಡ, ಅಷ್ಟರಲ್ಲಿ ನಿಲ್ಲಿಸೋ ಹಾಗಿರಲಿಲ್ಲ. ಕಂಟ್ರೋಲಿಗೆ ಹೇಳಿದೆ. ಫಾರಂ ತುಂಬಿ ಕೊಟ್ಟೆ.

ಸೆಮ್ಲಾ ಸಿಕ್ಕಿತು. ತಿಂದೆ.

ಜನವರಿ 12, ಬುಧವಾರ. ಮಧ್ಯಾಹ್ನ

ಉಳಿದುಹೋದವನು ಇಂಗೆಬ್ರಿಕ್ಟ್. ಓಸ್ಲೌಗಳ ಗಂಡ.

ಹೋಲ್ಗೆರ್ ಹೇಳಿದ. ಇಂಗೆಬ್ರಿಕ್ಟನ ಅಣ್ಣ ಆಂಟನ್ ಗಡಿಯಾಚೆ ಓಸ್ಟರ್‌ಸುಂಡ್ ಆಸ್ಪತ್ರೆಯಲ್ಲಿದ್ದನಂತೆ. ನಿನ್ನೆ ಹನ್ನೆರಡಕ್ಕೆ ಅಲ್ಲಿಂದ ಫೋನ್ — ಬರೋದಾದರೆ ಇವತ್ತೇ ಬನ್ನಿ. ಘಟ್ಟದ ರಸ್ತೆ ಬಿರುಗಾಳಿಗೆ ಮುಚ್ಚಿತ್ತು. ಉಳಿದಿದ್ದು ನನ್ನ ರೈಲು ಒಂದೇ. ಗೂಡಿನಲ್ಲಿ ಗುಂಡಿ ಒತ್ತಿ, ಸೂಟ್‌ಕೇಸ್ ಹಿಡಿದು ನಿಂತಿದ್ದ. ಆಂಟನ್ ಸಂಜೆ ಏಳೂಕಾಲಿಗೆ ತೀರಿಕೊಂಡ. ಪಕ್ಕದಲ್ಲಿ ನರ್ಸ್ ಬಿಟ್ಟರೆ ಯಾರೂ ಇರಲಿಲ್ಲ.

ಊಟ ಸೇರಲಿಲ್ಲ. ಡಬ್ಬಿ ಹಾಗೇ ವಾಪಸ್ ತಂದೆ.

ಜನವರಿ 13, ಗುರುವಾರ

ಡಿಪೋದಲ್ಲಿ ಎಲ್ಲರೂ ಒಳ್ಳೆಯವರಾಗಿಬಿಟ್ಟಿದ್ದಾರೆ. ಕಾಫಿ ತಂದು ಕೊಡುತ್ತಾರೆ. ನಿನ್ನ ತಪ್ಪೇನಿದೆ ಓಡ್ವಾರ್, ದೀಪಾನೇ ಮುಚ್ಚಿಹೋಗಿದ್ರೆ ಏನು ಮಾಡ್ತೀಯ ಅಂತಾರೆ. ಒಬ್ಬ ಅಂದ, ಓಸ್ಲೌಗಳಿಗೂ ಅರವತ್ತು ದಾಟಿತಲ್ಲ, ಅಂಥ ಗಾಳಿಯಲ್ಲಿ ಕಂಬದ ತನಕ ನಡೆಯೋಕೆ ಬೇಜಾರಾಗಿರುತ್ತೆ ಅಂತ. ತಲೆ ಅಲ್ಲಾಡಿಸಿದೆ. ಹೌದು ಅಂತಲೋ ಅಲ್ಲ ಅಂತಲೋ, ನನಗೇ ಗೊತ್ತಿಲ್ಲ. ನೋಡಿದವರು ಹೌದು ಅಂತಲೇ ತಿಳಿದರು.

ಜನವರಿ 16, ಭಾನುವಾರ

ರಜೆ. ಮೂರು ದಿನದಿಂದ ಈ ಪುಸ್ತಕ ತೆಗೆದಿಲ್ಲ. ಬೇರೆ ಯಾರೂ ಓದದ ಪುಸ್ತಕ. ಇಲ್ಲೂ ಸುಳ್ಳು ಬರೆದಿದ್ದೇನೆ.

ದೀಪ ಉರಿಯುತ್ತಿತ್ತು.

ಸುರಂಗ ದಾಟಿದೆ. ರೈಲು ಟೈಮಿಗೇ ಇತ್ತು, ಒಂದು ನಿಮಿಷವೂ ತಡವಿಲ್ಲ. ತಲೆ ಬಗ್ಗಿಸಿ ನಂಬರ್ ಒತ್ತೋಕೆ ಶುರು ಮಾಡಿದೆ. ಐದು ಅಂಕಿ. ಮೂರನೆಯದು ಒತ್ತುವಾಗ ನನ್ನ ಕೈ ಹಿಂಭಾಗ ಹಳದಿ ಆಯಿತು. ಕಿಟಕಿಯಿಂದ ಬಂದ ಬೆಳಕು, ಬೆರಳಿಂದ ಮಣಿಕಟ್ಟಿನವರೆಗೆ ಹರಿದು ಹೋಯಿತು. ಅದೇನು ಅಂತ ಗೊತ್ತಾಯಿತು. ಗೊತ್ತಾಗಲಿಲ್ಲ ಅಂತ ನನಗೆ ನಾನೇ ಐದು ದಿನ ಹೇಳಿಕೊಂಡೆ. ಗೊತ್ತಾಯಿತು. ಆಗಲೇ ಬ್ರೇಕ್ ಹಾಕಿದ್ದರೆ ಪ್ಲಾಟ್‌ಫಾರ್ಮಿನಲ್ಲಿ ನೆಮ್ಮದಿಯಾಗಿ ನಿಲ್ಲುತ್ತಿತ್ತು, ಅಷ್ಟು ದೂರ ಇತ್ತು.

ಇನ್ನೆರಡೇ ಅಂಕಿ, ಒತ್ತಿಬಿಡೋಣ ಅಂದುಕೊಂಡೆ. ನಾಲ್ಕನೆಯದು ತಪ್ಪಿತು. ಅಳಿಸಿ ಮತ್ತೆ ಒತ್ತಿದೆ. ತಲೆ ಎತ್ತಿದಾಗ ಪ್ಲಾಟ್‌ಫಾರ್ಮ್ ಎದುರಿಗೇ ಬಂದಿತ್ತು. ಒಬ್ಬ ಬಲಗೈ ಎತ್ತಿ ನಿಂತಿದ್ದ, ಅಂಗೈ ನನ್ನ ಕಡೆಗೆ. ದಾಟಿ ಹೋದೆ. ಆಮೇಲಾದರೂ ನಿಲ್ಲಿಸಿ, ಕಂಟ್ರೋಲಿಗೆ ಕೇಳಿ, ನಿಧಾನಕ್ಕೆ ಹಿಂದಕ್ಕೆ ತರಬಹುದಿತ್ತು. ಕಾಲು ಗಂಟೆ ಆಗುತ್ತಿತ್ತು. ಅಂಗಡಿ ಮುಚ್ಚುತ್ತಿತ್ತು.

ಒಂದು ಬನ್ನಿಗೆ.

ಫಾರಂನಲ್ಲಿ ಬರೆದಿದ್ದು 'ದೀಪ ಕಾಣಲಿಲ್ಲ'. ಬರೆಯಬೇಕಾಗಿದ್ದು 'ದೀಪ ನೋಡಲಿಲ್ಲ'. ಎಷ್ಟು ಸಣ್ಣ ವ್ಯತ್ಯಾಸ. ನೋಡಲಿಲ್ಲ ಅಂದರೆ ತಪ್ಪು ನನ್ನದು. ಕಾಣಲಿಲ್ಲ ಅಂದರೆ ತಪ್ಪು ದೀಪದ್ದು. ದೀಪದ್ದು ಅಂದರೆ ಓಸ್ಲೌಗಳದ್ದು. ಬರೆಯುವಾಗ ಇದು ಹೊಳೆಯಲೇ ಇಲ್ಲ ಅಂತ ಹೇಳೋಣ ಅಂತಿದ್ದೆ. ಹೊಳೆದಿತ್ತು.

ಜನವರಿ 21, ಶುಕ್ರವಾರ

ಇವತ್ತು ಆಂಟನ್‌ನ ಅಂತ್ಯಕ್ರಿಯೆ. ಬೆಳಗಿನ ರೈಲು ನನ್ನದು. ಸುರಂಗದಿಂದ ಹೊರಗೆ ಬಂದ ಕೂಡಲೇ ದೀಪ ಕಂಡಿತು. ಇಷ್ಟು ದೂರದಿಂದ ಕಾಣೋ ದೀಪ ಅದು. ಸೂಜಿಯಷ್ಟು ತಪ್ಪದೆ ನಿಲ್ಲಿಸಿದೆ. ಕರಿ ಕೋಟು, ಅದೇ ಸೂಟ್‌ಕೇಸ್. ಇಂಗೆಬ್ರಿಕ್ಟ್ ಒಬ್ಬನೇ ಹತ್ತಿದ. ಓಸ್ಲೌಗ್ ಕಂಬದ ಹತ್ತಿರ ನಿಂತಿದ್ದಳು, ಅವಳು ಹತ್ತಲಿಲ್ಲ.

ಗಡಿಯಲ್ಲಿ ಎಂಟು ನಿಮಿಷ ನಿಲುಗಡೆ. ಕೆಳಗಿಳಿದು ಬ್ರೇಕ್ ಪೈಪಿನ ಮಂಜು ನೋಡುತ್ತಿದ್ದೆ. ಇಂಗೆಬ್ರಿಕ್ಟ್ ಪ್ಲಾಟ್‌ಫಾರ್ಮಿನ ಮೇಲೆ ನಡೆದು ಬಂದ. ಬೈತಾನೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ನಿನ್ನ ಮೇಲೆ ನಂಗೆ ಕೋಪ ಇಲ್ಲ ಅಂತ ಶುರು ಮಾಡಿದ. ಓಸ್ಲೌಗ್ ರೈಲಿಗೆ ಕಾಲು ಗಂಟೆ ಮುಂಚೆ ದೀಪ ಒರೆಸಿದೆ, ಪೊರಕೇನೂ ನೆಟ್ಟೆ ಅಂತಾಳಂತೆ. ಇವನು ಆಮೇಲೆ ಹೋಗಿ ನೋಡಿದರೆ ಪೊರಕೆ ಹಿಮದಲ್ಲಿ ಬಿದ್ದಿತ್ತಂತೆ, ಗಾಜಿನ ಮೇಲೆ ಎರಡು ಬೆರಳು ದಪ್ಪ ಹಿಮ.

ಆಮೇಲೆ ಎಷ್ಟು ಹೊತ್ತಿಗೆ ಅಂತ ನಾನು ಕೇಳಬೇಕಿತ್ತು. ಆ ಗಾಳಿಗೆ ಅರ್ಧ ಗಂಟೆಯಲ್ಲಿ ಅಷ್ಟು ಹಿಮ ಕೂರುತ್ತದೆ. ಕೇಳಲಿಲ್ಲ.

"ನೀನು ಹೇಳು ಓಡ್ವಾರ್" ಅಂದ. "ನೀನು ಬರೋವಾಗ ದೀಪ ಮುಚ್ಚಿಹೋಗಿತ್ತಾ? ನಂಗೆ ಅಷ್ಟು ಗೊತ್ತಾದ್ರೆ ಸಾಕು. ಮನೇಲಿ ಒಂದೇ ಮೇಜಿಗೆ ಕೂತು ಊಟ ಮಾಡ್ಬೇಕಲ್ಲ."

"ಅವತ್ತು ಹಿಮ ಜೋರಿತ್ತು" ಅಂದೆ.

ಅಷ್ಟೇ ಅಂದೆ. ಅವನು ತಲೆ ತೂಗಿದ. ಟೋಪಿ ಹಾಕಿಕೊಂಡು ಬೋಗಿ ಹತ್ತಿದ. ಸುಳ್ಳಲ್ಲ, ಹಿಮ ಜೋರೇ ಇತ್ತು. ಹೀಗೆ ಸುಳ್ಳಾಡದೇ ಸುಳ್ಳು ಹೇಳೋದನ್ನ ಎಲ್ಲಿ ಕಲಿತೆನೋ. ಥೂ.

ಜನವರಿ 25, ಮಂಗಳವಾರ

ಡಿಪೋ ಮುಖ್ಯಸ್ಥೆ ಬೆರಿತ್ ಕರೆದಳು. ಇನ್ನೊಂದು ಫಾರಂ. ಕಾಣದೇ ಇರೋಕೆ ಕಾರಣ ಏನು ಅಂತ ಮೇಲಿನವರು ಕೇಳಿದ್ದಾರಂತೆ. ನಾಲ್ಕು ಚೌಕ: ಬಲ್ಬು, ವಯರು, ಹಿಮ, ಇತರೆ. ಅವಳೇ ಪೆನ್ನು ಕೊಟ್ಟಳು, ಹಿಮದ ಚೌಕದ ಮೇಲೆ ಬೆರಳಿಟ್ಟಳು. ಒಂದು ಗೀಟು ಹಾಕು, ಮುಗೀತು ಅಂದಳು. ಹಾಕಿದೆ. ಸಹಿ ಮಾಡಿದೆ. ಅಕ್ಷರ ಎಂದಿನಂತೆ ನೆಟ್ಟಗೆ ಬಂತು. ಅದೇ ಭಯ.

ಇವತ್ತು ಮಂಗಳವಾರ. ಹೋಲ್ಗೆರ್ ಸೆಮ್ಲಾ ತಂದಿಟ್ಟ. ಹಲ್ಲುನೋವು ಅಂದೆ.

ಫೆಬ್ರವರಿ 3, ಗುರುವಾರ

ಓಸ್ಲೌಗಳಿಗೆ ಕಾಗದ ಹೋಗಿದೆ. ಮಾರ್ಚ್ ಒಂದರಿಂದ ಹೌಗ್ಲಿ ಬೇರೆಯವರ ಕೈಗೆ. ಪಟ್ಟಣದಿಂದ ಯಾರೋ ಲಾರಿಯಲ್ಲಿ ಬಂದು ಒರೆಸಿ ಹೋಗ್ತಾರಂತೆ. ಡಿಪೋದ ಬೋರ್ಡಿನಲ್ಲಿ ನೋಟಿಸು ಹಾಕಿದ್ದರು.

ಒಂದು ವಾರದಿಂದ ಅವಳು ಪ್ರತಿ ರೈಲಿಗೂ ಕಂಬದ ಹತ್ತಿರ ಬಂದು ನಿಲ್ಲುತ್ತಿದ್ದಾಳೆ. ಹತ್ತೋರು ಇರಲಿ ಇಲ್ಲದಿರಲಿ. ಬೆಳಿಗ್ಗೆ ಎರಡು, ಮಧ್ಯಾಹ್ನ ಎರಡು. ಗಾಜು ಒರೆಸಿ, ಪೊರಕೆ ನೆಟ್ಟು, ಪಕ್ಕದಲ್ಲಿ ನೆಟ್ಟಗೆ ನಿಂತು ನನ್ನ ಕ್ಯಾಬಿನ್ನಿನ ಕಡೆಗೇ ನೋಡುತ್ತಾಳೆ. ಕೈ ಆಡಿಸಲ್ಲ. ನೋಡಿಕೋ, ಒರೆಸಿದ್ದೇನೆ ಅಂತ. ಮೈನಸ್ ಹತ್ತೊಂಬತ್ತರಲ್ಲೂ ಬಂದಿದ್ದಳು. ತಲೆಗೆ ಗಂಡಸರ ಟೋಪಿ, ಕಿವಿ ಮೇಲೆ ಇಳಿಬಿಟ್ಟು.

ನಾನು ಹಾರ್ನ್ ಕೊಡೋದು ನಿಲ್ಲಿಸಿದ್ದೇನೆ. ಯಾವ ಮುಖ ಇಟ್ಟುಕೊಂಡು ಕೊಡಲಿ.

ಫೆಬ್ರವರಿ 8, ಮಂಗಳವಾರ. ಬೆಳಿಗ್ಗೆ 10, ಪಟ್ಟಣದ ಸ್ಟೇಷನ್ನಿನಲ್ಲಿ

ಬೇಗ ಬೇಗ ಬರೀತಿದ್ದೇನೆ. ವಾಪಸ್ ಟ್ರಿಪ್ಪಿಗೆ ಇಪ್ಪತ್ತು ನಿಮಿಷ ಇದೆ.

ಇವತ್ತು ಹೌಗ್ಲಿಯಲ್ಲಿ ದೀಪ ಹತ್ತಿತ್ತು, ಬಂಡಿ ಹತ್ತಿದ್ದು ಓಸ್ಲೌಗ್. ಒಳ್ಳೇ ಕೋಟು, ಕೈಚೀಲ. ಪಟ್ಟಣದಲ್ಲಿ ಎಲ್ಲರೂ ಇಳಿದ ಮೇಲೆ ಕ್ಯಾಬಿನ್ ಬಾಗಿಲು ತಟ್ಟಿದಳು. ಕಾಗದದಲ್ಲಿ ಸುತ್ತಿದ ಲೆಫ್ಸೆ ರೊಟ್ಟಿ ಕೊಟ್ಟಳು. ಬೆಣ್ಣೆ, ಸಕ್ಕರೆ, ದಾಲ್ಚಿನ್ನಿ ಹಚ್ಚಿದ್ದು. ನಿನಗೂ ನನ್ನಿಂದ ತೊಂದರೆ ಆಯ್ತಲ್ಲ, ಎರಡೆರಡು ಸಲ ಫಾರಂ ತುಂಬಿದೆಯಂತೆ ಅಂದಳು. ನನ್ನಲ್ಲಿ ಕ್ಷಮೆ ಕೇಳೋಕೆ ಬಂದಿದ್ದಳು.

ಎಲ್ಲಿಗೆ ಹೊರಟಿದ್ದೀ ಅಂತ ಕೇಳಿದೆ. ಏನಾದರೂ ಕೇಳಬೇಕಲ್ಲ.

"ಡಾಕ್ಟರ್ ಹತ್ರ. ನೆನಪಿನ ಪರೀಕ್ಷೆಗೆ. ಇಂಗೆಬ್ರಿಕ್ಟೇ ಹೇಳಿ ಕಳಿಸಿದ." ಕೈಚೀಲದ ಹಿಡಿ ತಿರುವುತ್ತಾ ನಿಂತಿದ್ದಳು. "ಒರೆಸಿದ್ದು ನಂಗೆ ಚೆನ್ನಾಗಿ ನೆನಪಿದೆ ಕಣೋ. ಕೈಗವಸು ಒದ್ದೆಯಾಗಿತ್ತು, ಒಲೆ ಮೇಲೆ ಒಣಗಿಸಿದ್ದೂ ನೆನಪಿದೆ. ಆದ್ರೆ ನೀನು ಕಾಣಲಿಲ್ಲ ಅಂತ ಬರ್ದಿದ್ದೀಯ. ನೀನು ಸುಳ್ಳು ಬರೆಯೋ ಮನುಷ್ಯ ಅಲ್ಲ. ಅಂದ್ಮೇಲೆ ನನ್ನ ತಲೇನೇ ಕೆಟ್ಟಿರ್ಬೇಕು."

ನಾನು ಏನು ಹೇಳಿದೆ? ಹುಷಾರಾಗಿ ಹೋಗು, ಪ್ಲಾಟ್‌ಫಾರ್ಮ್ ಜಾರುತ್ತೆ ಅಂದೆ.

ರೊಟ್ಟಿ ಮಡಿಲಲ್ಲೇ ಇದೆ. ಇನ್ನೂ ಬಿಸಿ. ತಿನ್ನೋಕೂ ಆಗ್ತಿಲ್ಲ, ಎಸೆಯೋಕೂ ಆಗ್ತಿಲ್ಲ.

ಫೆಬ್ರವರಿ 9, ಬುಧವಾರ

ಬರೆದೆ. ಖಾಲಿ ಹಾಳೆಯಲ್ಲಿ, ನನ್ನ ಕೈಯಾರೆ. 'ಜನವರಿ 11ರಂದು ಹೌಗ್ಲಿಯ ದೀಪ ಉರಿಯುತ್ತಿತ್ತು. ಸ್ಪಷ್ಟವಾಗಿ ಉರಿಯುತ್ತಿತ್ತು. ನಾನು ನೋಡಲಿಲ್ಲ. ಚಲಿಸುವ ಬಂಡಿಯಲ್ಲಿ ರೇಡಿಯೋ ನಂಬರ್ ಒತ್ತುತ್ತಿದ್ದೆ. ಎರಡು ಫಾರಂನಲ್ಲೂ ಬರೆದದ್ದು ಸುಳ್ಳು.' ಸಹಿ.

ನಾಲ್ಕು ಸಲ ಓದಿದೆ. ಬನ್ನಿನ ವಿಷಯ ಬರೆಯಲಿಲ್ಲ. ಅಷ್ಟು ಧೈರ್ಯ ಇಲ್ಲ.

ಫೆಬ್ರವರಿ 11, ಶುಕ್ರವಾರ

ಬೆರಿತ್‌ಗೆ ಕೊಟ್ಟೆ. ಅವಳು ಎದ್ದು ಬಾಗಿಲು ಹಾಕಿದಳು. ಓದಿದಳು. ಕನ್ನಡಕ ತೆಗೆದಳು.

ಇದನ್ನು ನಾನು ತಗೊಂಡರೆ ಇವತ್ತಿಂದ ನೀನು ಓಡಿಸೋ ಹಾಗಿಲ್ಲ ಅಂದಳು. ನಿವೃತ್ತಿಗೆ ಇನ್ನೆಷ್ಟು ವರ್ಷ ಅಂತ ಕೇಳಿದಳು. ಐದು. ಬರೀ ನಿನ್ನ ತಲೆಗೆ ಮಾತ್ರ ಬರಲ್ಲ, ಆ ಬಯಲಲ್ಲಿ ನಂಬರ್ ಒತ್ತೋ ಎಲ್ಲರನ್ನೂ ಕರೆದು ಕೇಳಬೇಕಾಗುತ್ತೆ ಅಂದಳು. ಓಸ್ಲೌಗಳಿಗೆ ಹೇಗೂ ವಯಸ್ಸಾಯಿತು, ಇವತ್ತಲ್ಲ ನಾಳೆ ಬಿಡೋ ಕೆಲಸವೇ ತಾನೇ ಅಂದಳು. ಹಾಳೆ ಮೇಜಿನ ಮೇಲೆ ನನ್ನ ಕಡೆ ತಳ್ಳಿದಳು. "ಶನಿವಾರ ಭಾನುವಾರ ಯೋಚನೆ ಮಾಡು. ನಾನು ಇನ್ನೂ ಓದಿಲ್ಲ."

ಕೆಟ್ಟವಳಲ್ಲ ಅವಳು. ನನ್ನನ್ನು ಉಳಿಸೋಕೆ ನೋಡಿದಳು.

ವಾಪಸ್ ತಗೊಂಡೆ. ಮಡಚಿ ಜೇಬಿಗೆ ಹಾಕಿಕೊಂಡೆ. ಹೊರಗೆ ಬಂದಾಗ ಎದೆ ಹಗುರಾಯಿತು. ನಿಜವಾಗಿಯೂ ಹಗುರಾಯಿತು. ಇದನ್ನೂ ಬರೆದಿಡಬೇಕು.

ಫೆಬ್ರವರಿ 24, ಗುರುವಾರ

ಎರಡು ವಾರದಿಂದ ಇಲ್ಲಿ ಏನೂ ಬರೆದಿಲ್ಲ. ಬರೆಯೋಕೆ ಏನಿತ್ತು? ಬಂದೆ, ಓಡಿಸಿದೆ, ಮಲಗಿದೆ. ಹಾಳೆ ಅದೇ ಜೇಬಿನಲ್ಲಿ. ಮಡಿಕೆಯ ಹತ್ತಿರ ಹರಿಯುತ್ತಾ ಬಂದಿದೆ.

ಇವತ್ತು ಗಡಿಯಲ್ಲಿ ಹೋಲ್ಗೆರನಿಗೆ ಹೇಳಿದೆ. ಬಂಡಿ ನಿಂತ ಮೇಲೆ ನಂಬರ್ ಒತ್ತುತ್ತಿದ್ದೆ. ಈಗ ಹಾಗೇ ಮಾಡೋದು, ತಡವಾದರೂ. ಅವನು ನೋಡಿ ನಕ್ಕ, ಏನು ಮಾರಾಯ ಸಂತ ಆಗಿಬಿಟ್ಟೆಯಾ ಅಂದ. ಬಾಯಿಗೆ ಬಂದುಬಿಟ್ಟಿತು. ಎಲ್ಲ ಹೇಳಿದೆ. ಕೈ ಮೇಲೆ ಬಿದ್ದ ಬೆಳಕು, ಎರಡು ಅಂಕಿ, ಬನ್ನು. ಅವನ ನಗು ಹಾಗೇ ಇಳಿಯಿತು. ಆ ದಿನ ನನ್ನ ಜೊತೆ ಅಂಗಡಿಗೆ ಓಡಿ ಬನ್ ತಂದವನು ಅವನೇ. ನನ್ನ ಮುಖ ನೋಡಲಿಲ್ಲ, ಟಿಕೆಟ್ ಮೆಷಿನ್ ತಿರುಗಿಸಿ ಮುರುಗಿಸಿ ನೋಡಿದ.

ಆಮೇಲೆ "ರೂಲಿ" ಅಂದ. ಯಾವ ಭಾಷೆಯಲ್ಲಿ ಅಂದನೋ. ಸಮಾಧಾನ ಹೇಳಿದನೋ, ಒಳ್ಳೇ ಮಜಾ ಅಂತ ಚುಚ್ಚಿದನೋ. ಕೇಳಲಿಲ್ಲ. ಎರಡೂ ಸರಿಯೇ.

ಇಳಿಯುವಾಗ ಬಾಗಿಲಲ್ಲಿ ನಿಂತು, ಸೋಮವಾರ ಅವಳ ಕೊನೇ ದಿನ, ಗೊತ್ತಲ್ಲ ಅಂದ.

ಫೆಬ್ರವರಿ 28, ಸೋಮವಾರ. ಸಂಜೆ 5

ಹೇಳಿದೆ.

ಮಧ್ಯಾಹ್ನದ ರೈಲು. ಸುರಂಗದಿಂದ ಹೊರಗೆ ಬಂದಾಗ ದೀಪ ಹತ್ತಿರಲಿಲ್ಲ. ಕಂಬ, ಪೊರಕೆ, ಪಕ್ಕದಲ್ಲಿ ಅವಳು. ಬ್ರೇಕ್ ಹಾಕಿದೆ. ದೀಪ ಹತ್ತದೆ ಅಲ್ಲಿ ಬಂಡಿ ನಿಲ್ಲಿಸಿದ್ದು ಮೂವತ್ತೊಂದು ವರ್ಷದಲ್ಲಿ ಇದೇ ಮೊದಲು. ಇಂಟರ್‌ಕಾಮಿನಲ್ಲಿ ಹೋಲ್ಗೆರ್ ದನಿ. ಎರಡು ನಿಮಿಷ ತಗೋ ಅಂದ, ಅಷ್ಟೇ.

ಸರಿಯಾಗಿ ಕಂಬದ ಎದುರಿಗೇ ನಿಲ್ಲಿಸಿದ್ದೆ. ಕಿಟಕಿ ಇಳಿಸಿದೆ. ಅವಳು ಹತ್ತಿರ ಬಂದಳು. ಬಂಡಿ ಕೆಟ್ಟಿತಾ ಅಂತ ಕೇಳಿದಳು.

"ಅವತ್ತು ದೀಪ ಉರೀತಿತ್ತು ಓಸ್ಲೌಗ್" ಅಂದೆ. "ನೀನು ಒರೆಸಿದ್ದೆ. ನಾನೇ ನೋಡಲಿಲ್ಲ. ತಲೆ ಬಗ್ಗಿಸಿ ನಂಬರ್ ಒತ್ತುತಾ ಇದ್ದೆ. ಅಂಗಡಿ ಮುಚ್ಚೋ ಮೊದ್ಲು ಬನ್ ತಗೋಬೇಕು ಅಂತ."

ಹೆಚ್ಚು ಕಮ್ಮಿ ಹೀಗೇ ಅಂದೆ. ಅದಕ್ಕಿಂತ ತೊದಲಿದ್ದೆ.

ಅವಳು ಅಳಲಿಲ್ಲ. ಕೂಗಾಡಲಿಲ್ಲ. ಪೊರಕೆ ಹಿಡಿದು ನಿಂತೇ ಇದ್ದಳು. ಡಾಕ್ಟರ್ ನನ್ನ ತಲೆಗೆ ಏನೂ ಆಗಿಲ್ಲ ಅಂದಿದ್ರು ಅಂದಳು. ಅದನ್ನೂ ಇಂಗೆಬ್ರಿಕ್ಟ್ ನಂಬಲಿಲ್ಲವಂತೆ.

"ನಂಗೆ ಹೇಳಿ ಏನು ಬಂತು?" ಅಂದಳು ಆಮೇಲೆ. "ಒರೆಸಿದ್ದು ನಂಗೆ ಗೊತ್ತೇ ಇತ್ತು. ಗೊತ್ತಿದ್ದನ್ನ ನೀನು ಮರೆಸಿದೆ. ಆರು ವಾರದಿಂದ ಅವನು ಮನೇಲಿ ನನ್ ಜೊತೆ ಮಾತಾಡಿಲ್ಲ. ಅಣ್ಣನ ಫೋಟೋ ನೋಡ್ತಾನೆ, ನನ್ನ ನೋಡ್ತಾನೆ. ಅವನಿಗೆ ಹೇಳು. ನಾನು ಹೇಳಿದ್ರೆ ನಂಬಲ್ಲ. ಭಾನುವಾರ ಮನೇಲಿರ್ತಾನೆ, ನೀನೇ ಬಂದು ಹೇಳು."

ಕ್ಷಮಿಸು ಅಂದೆ. ಹೊರಡು, ನಿಂಗೆ ತಡ ಆಗುತ್ತೆ ಅಂದಳು. ಮೂರು ನಿಮಿಷ ತಡವಾಗಿ ಗಡಿ ಮುಟ್ಟಿದೆ. ತಡಕ್ಕೆ ಕಾರಣ ಅಂತ ಕಂಟ್ರೋಲ್ ಕೇಳಿತು. ಡ್ರೈವರ್ ಅಂದೆ.

ಮಾರ್ಚ್ 4, ಶುಕ್ರವಾರ

ಹಾಳೆ ಕೊಟ್ಟೆ. ಮತ್ತೆ ಹೊಸದಾಗಿ ಬರೆದಿದ್ದು. ಬನ್ನೂ ಸೇರಿಸಿದ್ದೇನೆ. ಬೆರಿತ್ ಈ ಸಲ ಬಾಗಿಲು ಹಾಕಲಿಲ್ಲ. ಓದಿ, ತಾರೀಖು ಮುದ್ರೆ ಒತ್ತಿದಳು. ಕ್ಯಾಬಿನ್ ಕೀಲಿ ಮೇಜಿನ ಮೇಲಿಟ್ಟೆ. ಓಸ್ಲೌಗಳಿಗೆ ಹೋದ ಕಾಗದ ವಾಪಸ್ ತಗೋತಾರಾ ಅಂತ ಕೇಳಿದೆ. ಬರೀತೀನಿ, ಮೇಲಿನವರು ಏನಂತಾರೋ ಗೊತ್ತಿಲ್ಲ ಅಂದಳು.

ಕಾಫಿ ಕೋಣೆಯಲ್ಲಿ ನಾಲ್ಕು ಜನ ಕೂತಿದ್ದರು. ಸುದ್ದಿ ಆಗಲೇ ಮುಟ್ಟಿತ್ತು. ಇನ್ನು ಮೇಲೆ ನಂಬರ್ ಒತ್ತೋದು ಬಂಡಿ ನಿಂತ ಮೇಲೆ ಮಾತ್ರ, ತಪ್ಪಿದರೆ ಸಸ್ಪೆಂಡ್. ಒಬ್ಬನೂ ತಲೆ ಎತ್ತಲಿಲ್ಲ. ಜನವರಿಯಲ್ಲಿ ಕಾಫಿ ತಂದುಕೊಟ್ಟವನು ಎದ್ದು ಹೊರಗೆ ಹೋದ. ಅವನ ಮೇಲೆ ಕೋಪ ಬರಲಿಲ್ಲ. ಬೀರು ಖಾಲಿ ಮಾಡಿದೆ: ಕೈಗವಸು, ಸುತ್ತಿಗೆ, ಫ್ಲಾಸ್ಕು. ಸುತ್ತಿಗೆ ಡಿಪೋದ್ದು, ಅಲ್ಲೇ ಬಿಟ್ಟೆ.

ಮಾರ್ಚ್ 6, ಭಾನುವಾರ. ಬೆಳಿಗ್ಗೆ 11 ಕಾಲು. ಹೌಗ್ಲಿ

ಕಾರಿನಲ್ಲಿ ಕೂತು ಬರೀತಿದ್ದೇನೆ. ಅವರ ಮನೆ ಎದುರಿಗೇ. ಬಂದು ಇಪ್ಪತ್ತು ನಿಮಿಷ ಆಯಿತು. ಎಂಜಿನ್ ಆರಿಸಿದ್ದೇನೆ, ಗಾಜಿಗೆ ಒಳಗಿಂದ ಮಂಜು ಕಟ್ಟುತ್ತಿದೆ, ಆಗಾಗ ತೋಳಿನಲ್ಲಿ ಒರೆಸುತ್ತೇನೆ.

ಇವತ್ತು ನಮ್ಮ ಕಡೆಯ ಬನ್ನಿನ ಭಾನುವಾರ. ಬರೋ ದಾರಿಯಲ್ಲಿ ಬೇಕರಿ ಮುಂದೆ ಕ್ಯೂ ನಿಂತಿತ್ತು. ಬರಿಗೈಯಲ್ಲಿ ಬಂದೆ. ಏನು ತರೋದು ಅಂತ ಯೋಚಿಸಿ ಯೋಚಿಸಿ ಏನೂ ತರಲಿಲ್ಲ. ಹಾಳೆಯ ನಕಲು ಜೇಬಿನಲ್ಲಿದೆ. ಅದನ್ನು ಅವನ ಕೈಗೆ ಕೊಟ್ಟು ಸುಮ್ಮನೆ ನಿಲ್ಲಬಾರದು. ಬಾಯಲ್ಲೇ ಹೇಳಬೇಕು. ನೋಡಲಿಲ್ಲ ಅಂತ. ಹಿಮ ಅನ್ನೋ ಮಾತು ಬಾಯಿಗೆ ಬರಬಾರದು. ಗಡಿಯಲ್ಲಿ ನೀನು ಕೇಳಿದಾಗಲೂ ಮುಚ್ಚಿಟ್ಟೆ ಅಂತಲೂ ಹೇಳಬೇಕು. ಆಂಟನ್‌ನ ಹೆಸರು ತೆಗೆಯಬೇಕು. ಅದಕ್ಕೇ ಇನ್ನೂ ಇಳಿದಿಲ್ಲ.

ಇಲ್ಲಿಂದ ಕಂಬ ಕಾಣುತ್ತದೆ. ಓಸ್ಲೌಗಳ ಕೆಲಸ ಹೋಗಿ ಆರು ದಿನ. ಪೊರಕೆ ನೆಟ್ಟಿದೆ. ಗಾಜು ಒರೆಸಿದೆ.

ಅಡುಗೆಮನೆಯ ಪರದೆ ಅಲುಗಿತು. ಓಸ್ಲೌಗ್ ಇರಬೇಕು. ಕರೆಯಲಿಲ್ಲ. ಕರೆಯಲ್ಲ ಅವಳು.

ಬಾಗಿಲು ತೆರೆಯಿತು. ಇಂಗೆಬ್ರಿಕ್ಟ್. ಉಣ್ಣೆ ಅಂಗಿ, ಬರಿ ತಲೆ. ಮೆಟ್ಟಿಲ ಮೇಲೆ ನಿಂತು ಕಾರನ್ನೇ ನೋಡುತ್ತಿದ್ದಾನೆ. ಯಾರು ಅಂತ ಗುರುತು ಹತ್ತಲಿಲ್ಲವೇನೋ. ನಾನು ಹೊರಟುಬಿಡುತ್ತೇನೆ ಅಂದುಕೊಂಡನೋ ಏನೋ, ಕೈ ಎತ್ತಿದ. ಬಲಗೈ. ಅಂಗೈ ನನ್ನ ಕಡೆಗೆ.

ಈ ಸಲ ನೋಡಿದೆ. ಇಳೀತಿದ್ದೇನೆ.